ಭಾವನ ಹಂಡೆಯ ವಿಳಾಸ

ನಮ್ಮ ಭಾವನ ಮನೆಯ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ ಇದೆ. ಆ ಹಂಡೆಗೆ ಸ್ವಂತ ವಿಳಾಸ ಇದೆ. ಮನೆಗಲ್ಲ ಸ್ವಾಮಿ, ಹಂಡೆಗೆ! ಅದೂ ಎಂಥ ವಿಳಾಸ ಅಂತೀರಿ? ಇಡೀ ಭೂಮಂಡಲದಲ್ಲಿ ಇನ್ನೊಂದು ಹಂಡೆಗಾಗಲಿ, ಕೊಪ್ಪರಿಗೆಗಾಗಲಿ, ಮನುಷ್ಯಮಾತ್ರದವನಿಗಾಗಲಿ ಇಲ್ಲದ್ದು. ಟಿಂಬಕ್ಟುವಿನಲ್ಲಿ ಕೂತವನೂ ಬೇಕೆಂದರೆ “ಹಂಡೆಯೇ, ನೀರು ಕಾದಿತೇ?” ಎಂದು ನೇರವಾಗಿ ಅದನ್ನೇ ಕೇಳಿ ಉತ್ತರ ಪಡೆಯಬಹುದು. ನನಗೆ ಅಂಥ ವಿಳಾಸ ಇಲ್ಲ. ನಿಮಗೂ ಇರಲಿಕ್ಕಿಲ್ಲ. ಹೊಟ್ಟೆಕಿಚ್ಚು ಪಡಬೇಡಿ. ನಾನು ಪಟ್ಟು ನೋಡಿದ್ದೇನೆ, ಏನೂ ಗಿಟ್ಟಲಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ಅಪ್ಪ ಅಮ್ಮ ಬೇಗ ತೀರಿಹೋದದ್ದರಿಂದ ತಂಗಿ ಪುಟ್ಟಿಯನ್ನು ಬೆಳೆಸಿದ್ದು ಅವನೇ. ಮದುವೆಯಾಗಲಿಲ್ಲ. “ಯಾಕೆ ಭಾವ?” ಎಂದು ನಾನೊಮ್ಮೆ ಕೇಳಿದ್ದೆ. “ಪುಟ್ಟಿ ಮದುವೆ ಗಡಿಬಿಡೀಲಿ ನನ್ನದು ಮರೆತೇ ಹೋಯ್ತು ಮಾರಾಯ” ಅಂದ, ಅಂಗಡಿಯಿಂದ ಸೋಪು ತರುವುದು ಮರೆತವನ ಹಾಗೆ! ನಿವೃತ್ತಿಯಾದ ಮೇಲೆ ಶೃಂಗೇರಿ ಕಡೆ, ಅಡ್ಡಗದ್ದೆಯ ಹತ್ತಿರ ಒಂದು ಚಿಕ್ಕ ಮನೆ ಮಾಡಿಕೊಂಡು ಒಬ್ಬನೇ ಇದ್ದಾನೆ. ಒಬ್ಬನೇ ಎಂದರೆ ತಪ್ಪು. ಅವನ ಪೆಟ್ಟಿಗೆಗಳೂ ಇವೆ. ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ವಿಷಯ ಹೇಳುವಂಥದ್ದೇನಿಲ್ಲ, ಆದರೂ ಹೇಳುತ್ತೇನೆ. ನಾನು ನರಸಿಂಹರಾಜಪುರದವನು. ಸೈಕಲ್ಲಿನ ಕ್ಯಾರಿಯರಿಗೆ ಅಲ್ಯೂಮಿನಿಯಂ ಪಾತ್ರೆ ಕಟ್ಟಿಕೊಂಡು ಮನೆಮನೆ ತಿರುಗಿ, ಹಳೇ ಬಟ್ಟೆಗೆ ಹೊಸ ಪಾತ್ರೆ ಕೊಟ್ಟು, ಈಗ ಕೊಪ್ಪದ ಮುಖ್ಯರಸ್ತೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದೇನೆ. ಚೌಕಾಸಿಯಲ್ಲಿ ನನ್ನನ್ನು ಗೆದ್ದವರು ಇಲ್ಲ. ನೀವೂ ಒಂದು ಮಾತು ಕಲಿತುಕೊಳ್ಳಿ: ಹಂಡೆ ಕೊಳ್ಳುವಾಗ ಹೊಳಪು ನೋಡಬೇಡಿ, ಬೆರಳ ಗಂಟಿನಿಂದ ತಳಕ್ಕೆ ತಟ್ಟಿ. ಗುಂಯ್ ಎಂದು ನಿಂತು ನಿಂತು ಹೋಗಬೇಕು. ಟಪ್ ಎಂದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಇಳಿದುಬಿಡಿ. ಇಳಿದ ಮೇಲೂ ನಿಧಾನ ನಡೆಯಿರಿ. ಅವನು ಕರೆಯುತ್ತಾನೆ.

ಇಂಥ ಗುಂಯ್ ಎನ್ನುವ ಹಂಡೆಯೊಂದನ್ನು ಭಾವನ ಗೃಹಪ್ರವೇಶಕ್ಕೆ ನಾನೇ ಕೊಟ್ಟಿದ್ದೆ. ಮುಂದಿನ ಸಲ ಹೋದಾಗ ನೋಡುತ್ತೇನೆ, ಅದರ ಕಂಠಕ್ಕೆ ತೂತು ಕೊರೆದು ಒಂದು ತಂತಿ ಇಳಿಬಿಟ್ಟಿದ್ದಾನೆ! ತಂತಿಯ ಇನ್ನೊಂದು ತುದಿಯಲ್ಲಿ, ಗೋಡೆಯ ಮೇಲೆ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪೆಟ್ಟಿಗೆ. ನನ್ನ ಎದೆಗೇ ಕೊರೆದ ಹಾಗಾಯಿತು.

“ಎಂತ ಭಾವ ಇದು? ಇದರ ಮರುಮಾರಾಟದ ಬೆಲೆ ಹೋಯ್ತಲ್ಲ!”

“ಸ್ನಾನದ ಹಂಡೆ ಯಾರು ಮಾರ್ತಾರೆ? ಇನ್ನು ಮೇಲೆ ನೀರು ಕಾದಿದೆಯಾ ಅಂತ ಎದ್ದು ಬಂದು ಬೆರಳು ಅದ್ದಿ ನೋಡೋದಿಲ್ಲ. ಕೂತಲ್ಲೇ ಗೊತ್ತಾಗ್ತದೆ.”

“ನೀನು ಕೂರೋ ಜಾಗದಿಂದ ಬಚ್ಚಲಿಗೆ ಇರೋದೇ ನಾಲ್ಕು ಹೆಜ್ಜೆ ಮಾರಾಯ!”

“ಇವತ್ತು ನಾಲ್ಕು ಹೆಜ್ಜೆ. ನಾಳೆ ನಾನು ಬೊಂಬಾಯಲ್ಲಿದ್ದರೆ?”

ಬೊಂಬಾಯಲ್ಲಿದ್ದವನಿಗೆ ಅಡ್ಡಗದ್ದೆಯ ಬಿಸಿನೀರು ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ನಿಮಗೂ ಇದೇ ನನ್ನ ಸಲಹೆ. ಎಲೆಕ್ಟ್ರಾನಿಕ್ಸ್ ಓದಿದ ನೆಂಟರನ್ನು “ಯಾಕೆ?” ಎಂದು ಕೇಳಬೇಡಿ. ಊಟದ ಹೊತ್ತು ತಪ್ಪುತ್ತದೆ.

ಆ ಪೆಟ್ಟಿಗೆಗಳನ್ನು ಕಳಿಸಿದವನು ಭಾವನ ಹಳೆಯ ಶಿಷ್ಯನಂತೆ. ಯಾವುದೋ ಕಂಪನಿಯಲ್ಲಿ ಪ್ರಯೋಗ ಮಾಡಿ ಮಿಕ್ಕಿದ್ದನ್ನು ಗುರುದಕ್ಷಿಣೆ ಎಂದು ಪಾರ್ಸೆಲ್ ಮಾಡಿದ್ದ. ಭಾವ ಒಂದನ್ನು ನೀರಿನ ಟ್ಯಾಂಕಿಗೆ ಹಾಕಿದ, ಒಂದನ್ನು ಕೋಳಿಗೂಡಿಗೆ, ಒಂದನ್ನು ಗೇಟಿನ ಹತ್ತಿರದ ಅಂಚೆ ಡಬ್ಬಕ್ಕೆ. ಅಂಚೆ ಡಬ್ಬದ್ದು “ಕಾಗದ ಬಂದಿದೆ” ಎಂದು ದಿನಕ್ಕೆ ಹತ್ತಾರು ಸಲ ಹೇಳತೊಡಗಿತು. ಜಗತ್ತಿಗೆಲ್ಲ ತನ್ನ ನೆನಪಾಗಿದೆ ಎಂಬ ಸಂತೋಷದಲ್ಲಿ ಭಾವ ಓಡಿ ಓಡಿ ಹೋಗಿ ನೋಡಿದರೆ, ಡಬ್ಬದೊಳಗೆ ಹಲ್ಲಿ ಸಂಸಾರ ಹೂಡಿತ್ತು.

ಈ ಪೆಟ್ಟಿಗೆಗಳ ಸ್ವಭಾವ ವಿಚಿತ್ರ. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ವರ್ಷಗಟ್ಟಲೆ ಬದುಕಬೇಕಂತೆ. ಅದಕ್ಕಾಗಿ ಸದಾ ನಿದ್ದೆ. ಆಗಾಗ ಕಣ್ಣು ಬಿಟ್ಟು, “ನನಗೇನಾದರೂ ಹೇಳಿದಿರಾ?” ಎಂದು ಕೇಳಿ, ಉತ್ತರಿಸಿ, ಮತ್ತೆ ನಿದ್ದೆ. ಇಂಥ ನೌಕರರನ್ನು ನಾನು ಆಫೀಸುಗಳಲ್ಲಿ ನೋಡಿದ್ದೇನೆ, ಆದರೆ ಅವರು ಎರಡು ಸೆಲ್ಲಿಗೆ ಒಪ್ಪುವುದಿಲ್ಲ.

“ಇವಕ್ಕೆ ಮನೆಯೊಳಗೆ ಗಿಡ್ಡ ಹೆಸರು ಸಾಕು,” ಎಂದು ಭಾವ ಪಾಠ ಶುರುಮಾಡಿದ. “ನೀನು ಮನೆಯಲ್ಲಿ ‘ಪುಟ್ಟೀ’ ಅಂತ ಕೂಗಿದರೆ ನನ್ನ ತಂಗಿ ಬರ್ತಾಳಾ ಇಲ್ವಾ? ‘ಕೊಪ್ಪ ಪೇಟೆ, ಮುಖ್ಯರಸ್ತೆ, ಪಾತ್ರೆ ಅಂಗಡಿ ಸಾಹುಕಾರರ ಧರ್ಮಪತ್ನೀ’ ಅಂತ ಕೂಗ್ತೀಯಾ?”

“ಹ್ಯಾಗೆ ಕೂಗಿದರೂ ಬರೋದಿಲ್ಲ.”

“ಅದು ನಿನ್ನ ಹಣೆಬರಹ. ಆದರೆ ಹೊರಗಿನವರು ಹುಡುಕಿಕೊಂಡು ಬರಬೇಕಾದರೆ ಪೂರ್ತಿ ವಿಳಾಸ ಬೇಕು. ಅಷ್ಟುದ್ದದ ವಿಳಾಸ ಹೊತ್ತು ತಿರುಗೋ ತ್ರಾಣ ಈ ಬಡಪಾಯಿಗಳಿಗಿಲ್ಲ. ಅದಕ್ಕೇ ಜಗಲಿ ಮೇಲೆ ಒಂದು ದೊಡ್ಡ ಪೆಟ್ಟಿಗೆ ಇಟ್ಟಿದ್ದೀನಿ. ಹೊರಗಿನಿಂದ ಯಾರಾದರೂ ಹಂಡೆಯನ್ನು ಕೇಳಿಕೊಂಡು ಬಂದರೆ ಅದು ಗಿಡ್ಡ ಹೆಸರಲ್ಲಿ ಒಳಗೆ ಕೂಗ್ತದೆ. ಹಂಡೆ ಹೇಳಿದ್ದಕ್ಕೆ ಉದ್ದದ ವಿಳಾಸ ತೊಡಿಸಿ ಹೊರಗೆ ಕಳಿಸ್ತದೆ. ಹಂಡೆ ನಿದ್ದೆ ಮಾಡ್ತಿದ್ರೆ, ಏಳೋವರೆಗೆ ಬಂದವರನ್ನು ಕೂರಿಸ್ತದೆ.”

ಓ! ನಮ್ಮ ಅಜ್ಜಿ ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತ ಮಾಡುತ್ತಿದ್ದ ಕೆಲಸ. ಅರ್ಥವಾಯಿತು. ಆದರೆ ವ್ಯಾಪಾರಿಯ ಜೀವ ಸುಮ್ಮನಿರುತ್ತದೆಯೇ?

“ಅಲ್ಲ ಭಾವ, ಒಂದೊಂದಕ್ಕೂ ಬೇರೆ ಬೇರೆ ವಿಳಾಸ ಯಾಕೆ? ಎಲ್ಲಕ್ಕೂ ಸೇರಿಸಿ ಒಂದೇ ತಗೊಂಡಿದ್ರೆ ಹೋಲ್‌ಸೇಲಲ್ಲಿ ಸೋವಿ ಆಗ್ತಿತ್ತು. ನನ್ನ ಅಂಗಡಿ ನೋಡು, ಎಷ್ಟು ಹಳ್ಳಿಮನೆಗಳ ಕಾಗದ ‘ಕೇರ್ ಆಫ್ ಪಾತ್ರೆ ಅಂಗಡಿ’ ಅಂತ ಬರ್ತದೆ!”

“ಜಗತ್ತೆಲ್ಲ ಮಾಡೋದು ಅದನ್ನೇ ಮಾರಾಯ. ಹೊರಗೆ ಒಂದು ವಿಳಾಸ, ಒಳಗೆ ಎಲ್ಲರೂ ಮುಸುಕು ಹೊದ್ದು ಕೂತಿರ್ತಾರೆ. ಒಳಗಿನವರು ಹೊರಗಿನವರನ್ನು ಕರೀಬಹುದು, ಹೊರಗಿನವರು ತಾವಾಗಿ ಬಂದು ಒಳಗಿನವರನ್ನು ಕೇಳೋ ಹಾಗಿಲ್ಲ. ಎಲ್ಲ ನಡುವಿನವನ ಕೃಪೆ. ಕಳೆದ ವರ್ಷ ನಿನ್ನ ಕೇರ್ ಆಫಲ್ಲಿ ಬಂದ ಮದುವೆ ಕಾಗದ ಭಂಡಿಗಡಿಯವರಿಗೆ ಯಾವಾಗ ಸಿಕ್ತು?”

ನಾನು ಮಾತು ತಿರುಗಿಸಿದೆ. ಆ ಕಾಗದ ಸಿಕ್ಕ ವಾರವೇ ಅವರಿಗೆ ಅದೇ ಮದುಮಕ್ಕಳ ಕೂಸಿನ ತೊಟ್ಟಿಲಿಗೂ ಕರೆ ಬಂದಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಂದು ದಿನ ಭಾವ ಆ ಹಂಡೆಯನ್ನೇ ಬಸ್ಸಿನ ಮೇಲೆ ಹಾಕಿಕೊಂಡು ಕೊಪ್ಪಕ್ಕೆ ಬಂದಿಳಿದ. ನಮ್ಮಲ್ಲಿ ಪಾತ್ರೆಗೆ ಹೆಸರು ಕೆತ್ತಿಸುವ ಪದ್ಧತಿ ಇದೆಯಲ್ಲ, ಕೊಟ್ಟವರು ಯಾರು, ಯಾರ ನೆನಪಿಗೆ ಎಂದು? ಅಕ್ಷರಕ್ಕಿಷ್ಟು ಎಂದು ದರ. ನನ್ನ ಅಂಗಡಿಯಲ್ಲಿ ನಾನೇ ಕೆತ್ತುತ್ತೇನೆ, ಕೈ ನಡುಗಿದ್ದಿಲ್ಲ.

“ಹೆಸರು ಹಾಕಬೇಕು,” ಅಂದ.

“ಯಾರ ಹೆಸರು?”

“ಹಂಡೆಯದ್ದೇ. ಅದರ ವಿಳಾಸ ಅದರ ಮೈಮೇಲೇ ಇರಲಿ.”

ಹೇಳಿಸಿ ಬರೆದುಕೊಂಡೆ. ಅಂಕಿ, ಇಂಗ್ಲಿಷ್ ಅಕ್ಷರ, ನಡುನಡುವೆ ಎರಡೆರಡು ಚುಕ್ಕಿ. ಗೂಡ್ಸ್ ರೈಲಿನ ಹಾಗೆ ಬಂತು, ಬಂತು, ಬರುತ್ತಲೇ ಇತ್ತು! ನನಗೆ ಒಳಗೊಳಗೇ ಹಿಗ್ಗು. ಅಕ್ಷರಕ್ಕಿಷ್ಟಲ್ಲವೇ? ಸಂಬಂಧ ಬೇರೆ, ವ್ಯಾಪಾರ ಬೇರೆ. “ಭಾವ, ತುಂಬ ಉದ್ದ. ಖರ್ಚು ಬೀಳ್ತದೆ,” ಎಂದು ದುಃಖದ ಮುಖ ಮಾಡಿದೆ.

ಭಾವ ಕನ್ನಡಕ ಸರಿಪಡಿಸಿಕೊಂಡ. “ನಡುವೆ ಸಾಲಾಗಿ ಸೊನ್ನೆ ಇದಾವಲ್ಲ, ಅಷ್ಟನ್ನೂ ಬಿಟ್ಟುಬಿಡು. ಆ ಜಾಗದಲ್ಲಿ ಎರಡೆರಡು ಚುಕ್ಕಿ ಜೋಡಿಸಿದರೆ ಸಾಕು. ಓದೋ ಯಂತ್ರಕ್ಕೆ ಗೊತ್ತಾಗ್ತದೆ. ನಿಯಮದಲ್ಲೇ ಇದೆ.”

“ಚುಕ್ಕಿಗೆ ದರ…”

“ಚುಕ್ಕಿ ಅಕ್ಷರ ಅಲ್ಲ.”

ಕಣ್ಣೆದುರೇ ಅರ್ಧ ರೈಲು ಮಾಯವಾಯಿತು! ಸೈಕಲ್ಲಿನ ಕಾಲದಿಂದ ಇಂದಿನವರೆಗೆ ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ್ದು ಆ ಸೊನ್ನೆಗಳು ಮಾತ್ರ. ಸೋತ ಸಿಟ್ಟಿನಲ್ಲಿ ಕೆತ್ತತೊಡಗಿದೆ. ಕೈ ಅಭ್ಯಾಸಬಲದಿಂದ ಮೊದಲಿಗೆ ಚಂದವಾಗಿ ಒಂದು ‘ಶ್ರೀ’ ಹಾಕಿತು. ಶ್ರೀ ಇಲ್ಲದೆ ಪಾತ್ರೆಗೆ ಉಳಿ ಮುಟ್ಟಿಸುವುದುಂಟೇ? ಭಾವ ಹೌಹಾರಿದ.

“ಶ್ರೀ ಯಾಕೆ ಹಾಕಿದೆ ಮಾರಾಯ? ಇದರಲ್ಲಿ ಇಂಗ್ಲಿಷಿನ ಎಫ್ ಆದ ಮೇಲೆ ಅಕ್ಷರವೇ ಇಲ್ಲ! ಯಾರಾದರೂ ಇದನ್ನೂ ಸೇರಿಸಿ ಒತ್ತಿದರೆ ಎಲ್ಲೂ ಹೋಗೋದಿಲ್ಲ.”

“ಶ್ರೀ ಹಾಕಿದ್ದು ಎಲ್ಲಿಗೂ ಹೋಗದಿದ್ದರೂ ಪರವಾಗಿಲ್ಲ, ಶ್ರೀ ಇಲ್ಲದ್ದು ನನ್ನ ಅಂಗಡಿಯಿಂದ ಆಚೆ ಹೋಗೋದಿಲ್ಲ,” ಅಂದೆ. ಅದೊಂದರಲ್ಲಿ ಮಾತ್ರ ನಾನು ಗೆದ್ದೆ.

ಆ ವರ್ಷ ಗೌರಿಹಬ್ಬಕ್ಕೆ ಭಾವ ತಂಗಿಗೆ ಬಾಗಿನ ತಂದ. ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ತೆಂಗಿನಕಾಯಿ, ಜೊತೆಗೆ ಒಂದು ತಾಮ್ರದ ಚೊಂಬು. ನನ್ನ ಅಂಗಡಿಯದ್ದೇ, ನನ್ನದೇ ಕೆತ್ತನೆ. ಚೊಂಬಿನ ಹೊಟ್ಟೆಯ ಸುತ್ತ ಹಂಡೆಯ ವಿಳಾಸ! “ನಿಂಗೆ ಯಾವಾಗ ಬೇಕಾದರೂ ಕೇಳು ಪುಟ್ಟಿ, ಅದು ಹೇಳ್ತದೆ,” ಅಂದ. ನನ್ನ ಹೆಂಡತಿ ಅಣ್ಣನ ಮುಂದೆ ನಕ್ಕಳು. ಅವನು ಬಸ್ಸು ಹತ್ತಿದ್ದೇ ತಡ, “ಊರಿನ ಅಣ್ಣಂದಿರೆಲ್ಲ ಸೀರೆ ಕೊಡ್ತಾರೆ. ನಮ್ಮಣ್ಣ ಹಂಡೆ ವಿಳಾಸ ಕೊಟ್ಟ!” ಎಂದು ಚೊಂಬನ್ನು ತುಳಸಿಗೆ ನೀರು ಹಾಕಲು ಇಟ್ಟಳು.

ಅಂಗಡಿಯ ಲೆಕ್ಕಕ್ಕೆಂದು ನಾನು ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಂಡಿದ್ದೆ. ಜೊತೆಗೆ ಟೇಬಲ್ಲನ್ನೂ ಎಳೆದುಕೊಂಡಿದ್ದೆ ಎನ್ನಿ. ಭಾವ ಅದಕ್ಕೂ ಕೈ ಹಾಕಿದ. ನಮ್ಮ ಕಡೆಯ ಬ್ರಾಡ್‌ಬ್ಯಾಂಡಿಗೆ ಈ ಉದ್ದನೆಯ ಹೊಸ ವಿಳಾಸಗಳು ಇನ್ನೂ ಅರ್ಥವಾಗುವುದಿಲ್ಲವಂತೆ. ಅದಕ್ಕೆ ಯಾರೋ ಪರದೇಶದವರು ಪುಕ್ಕಟೆಯಾಗಿ ಸುರಂಗ ಕೊಡುತ್ತಾರಂತೆ, ಹಳೆಯ ದಾರಿಯ ಒಳಗೇ ಹೊಸ ದಾರಿ. ಪುಕ್ಕಟೆ ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು. ಪುಕ್ಕಟೆ ಕೊಡುವವನನ್ನು ಎರಡು ಸಲ ನೋಡಿ, ಅವನ ಕೈಯನ್ನು ಮೂರು ಸಲ ನೋಡಿ ಎಂಬುದು ನನ್ನ ಸಿದ್ಧಾಂತ.

“ಎಲ್ಲಿದೆ ಆ ಸುರಂಗದ ಬಾಯಿ?”

“ಜರ್ಮನಿಯಲ್ಲಿ.”

“ಅಂದರೆ ನಾನು ಇಲ್ಲಿ ಕೂತು ನಿನ್ನ ಹಂಡೆಯನ್ನು ಕೇಳಿದರೆ…”

“ಜರ್ಮನಿಗೆ ಹೋಗಿ ಅಡ್ಡಗದ್ದೆಗೆ ಬರ್ತದೆ. ಕಣ್ಣು ಮಿಟುಕಿಸೋದರೊಳಗೆ.”

ಶೃಂಗೇರಿ ಬಸ್ಸಿಗೆ ‘ವಯಾ ಹರಿಹರಪುರ’ ಎಂದು ಬೋರ್ಡು ನೋಡಿದ್ದೇನೆ. ಅಡ್ಡಗದ್ದೆಗೆ ವಯಾ ಜರ್ಮನಿ! ಆದರೂ ಒಪ್ಪಬೇಕಾದ ಮಾತು, ನಮ್ಮ ಬಸ್ಸಿಗಿಂತ ಬೇಗ ಮುಟ್ಟುತ್ತಿತ್ತು. ಹರಿಹರಪುರದಲ್ಲಿ ಕಾಫಿಗೆ ನಿಲ್ಲಿಸುವುದಿಲ್ಲವಲ್ಲ.

ಒಂದೇ ತೊಡಕು. ಭಾವನ ಮನೆಯಲ್ಲಿ ಕರೆಂಟು ಹೋಗಿ ಬಂದರೆ ಆ ಸುರಂಗದ ಈಚೆಯ ಬಾಯಿ ಎಲ್ಲಿದೆ ಎಂದು ಜರ್ಮನಿಯವರಿಗೆ ಮತ್ತೆ ಹೇಳಬೇಕಂತೆ. ನಮ್ಮ ಕರೆಂಟಿನ ಮರ್ಯಾದೆ ನಿಮಗೆ ಗೊತ್ತೇ ಇದೆ. ಹಳೇ ಜೀಪಿನ ಬ್ಯಾಟರಿಯೊಂದನ್ನು ಜಗಲಿ ಪೆಟ್ಟಿಗೆಗೆ ಕಟ್ಟಿದ ಮೇಲೆ ಅದೂ ಸರಿಹೋಯಿತು. ಭಾವನ ಮನೆಯಲ್ಲಿ ದೀಪ ಇರದಿದ್ದರೂ ಹಂಡೆ ಮಾತ್ರ ಸದಾ ಊರಿನಲ್ಲಿರುತ್ತಿತ್ತು.

ನರಸಿಂಹರಾಜಪುರದಲ್ಲಿ ನನ್ನ ತಮ್ಮನ ಮಗುವಿನ ನಾಮಕರಣ. ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ, ಎಲ್ಲ ಮುಗಿದ ಮೇಲೆ ಭಾವ ತೊಟ್ಟಿಲ ಮೇಲೆ ಬಗ್ಗಿ, “ಹೆಸರಾಯ್ತು ಪಾಪ, ವಿಳಾಸ ಯಾವಾಗ?” ಎಂದ. ಕೂಸು ಅಳತೊಡಗಿತು. ಊಟಕ್ಕೆ ಎಲೆ ಹಾಕುವಾಗ ಭಾವನೇ ಇಲ್ಲ! ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿಗೆ ಓಡಿದ್ದನಂತೆ, ಹಂಡೆ ನೋಡಲು. ಹೋಳಿಗೆ ಬಡಿಸುವ ಹೊತ್ತಿಗೆ ಮುಖ ಬಿಳುಚಿಕೊಂಡು ಬಂದ.

“ಹಂಡೆ ಬಿಸಿಯಾಗಿದೆ!”

“ಒಳ್ಳೇದಾಯ್ತಲ್ಲ.”

“ಮನೆಗೆ ಬೀಗ ಹಾಕಿ ಬಂದಿದ್ದೀನಿ ಮಾರಾಯ!”

ಪಂಕ್ತಿಯಲ್ಲಿ ಗುಸುಗುಸು. ಕಳ್ಳರು ಎಂದರು ಕೆಲವರು. ಸ್ನಾನ ಮಾಡಿ ಮಡಿಯಲ್ಲಿ ಕದಿಯುವ ಕಳ್ಳ ಯಾವನು? ಭಾವ ಹೋಳಿಗೆ ಬಿಟ್ಟು ಬಸ್ಸು ಹತ್ತಿದ. ಹೋಗಿ ನೋಡಿದರೆ ಪಕ್ಕದ ಮನೆಯ ಜೀಪು ಡ್ರೈವರ್ ಬೈರಾಸು ಸುತ್ತಿಕೊಂಡು ಬಚ್ಚಲಿನಿಂದ ಹೊರಗೆ ಬರುತ್ತಿದ್ದಾನೆ. ಅವನ ಹಂಡೆ ಸೋರುತ್ತಿತ್ತು, ಬೀಗದ ಕೈ ಎಲ್ಲಿಡುತ್ತಾರೆಂದು ಗೊತ್ತಿತ್ತು. ಭಾವ ಅವನಿಗೆ ಬೈಯಲಿಲ್ಲ. “ನೀರು ಅಷ್ಟು ಉಗುರುಬೆಚ್ಚಗೆ ಇರಬಾರದು, ಇನ್ನೂ ಕಾಯಿಸಬೇಕಿತ್ತು,” ಎಂದನಂತೆ. ಡ್ರೈವರ್ ಮಾತ್ರ ಮುಂದೆ ಸಿಕ್ಕವರಿಗೆಲ್ಲ, “ನಾನು ಅಡ್ಡಗದ್ದೆಯಲ್ಲಿ ಸ್ನಾನ ಮಾಡಿದ್ದು ಎನ್.ಆರ್. ಪುರದಲ್ಲಿ ಗೊತ್ತಾಯ್ತು. ಇನ್ನು ಮೈ ತೊಳೆಯೋದು ಹ್ಯಾಗೆ ಮಾರಾಯ್ರೆ!” ಎಂದು ಹೇಳುತ್ತ ತಿರುಗಿದ.

ಇಷ್ಟು ನಕ್ಕಾಯಿತು. ಇನ್ನು ಸ್ವಲ್ಪ ನಗದ ಭಾಗ.

ಒಂದು ದಿನ ಭಾವ ನಮ್ಮ ಅಂಗಡಿಯಲ್ಲೇ ತಲೆಸುತ್ತಿ ಬಿದ್ದ. ಡಾಕ್ಟರು ರಕ್ತದೊತ್ತಡ ಎಂದರು, ಮಾತ್ರೆ ಕೊಟ್ಟರು, ಒಬ್ಬನೇ ಇರಬೇಡಿ ಎಂದರು. ನನ್ನ ಹೆಂಡತಿ ಅಂದೇ ಹಿಂದಿನ ಕೋಣೆ ಖಾಲಿ ಮಾಡಿಸಿದಳು. ಭಾವ ಒಪ್ಪಬೇಕಲ್ಲ?

“ನಂಗೆ ಏನಾಗಿದೆ ಪುಟ್ಟಿ? ಚಿಕ್ಕಂದಿನಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಇಬ್ಬರೂ ಸಾಕಷ್ಟು ತಿರುಗಿದ್ದೀವಿ. ಈಗ ಒಂದು ಸ್ವಂತ ಜಾಗ ಇದೆ. ಬಿಟ್ಟು ಬರಲ್ಲ.”

“ನಿಂಗೆ ರಾತ್ರೋರಾತ್ರಿ ಏನಾದರೂ ಆದರೆ ನಂಗೆ ಹ್ಯಾಗೆ ಗೊತ್ತಾಗ್ಬೇಕು?”

ಇಬ್ಬರ ನಡುವೆ ನಾನು ನಿಂತು ವ್ಯಾಪಾರ ಕುದುರಿಸಿದೆ. ಅವಳು ನಮ್ಮನೆಗೆ ಬಾ ಎಂದು ಕರೆಯುವುದು ಬಿಡಬೇಕು, ಅವನು ದಿನಾ ಬೆಳಿಗ್ಗೆ ಫೋನು ಮಾಡಬೇಕು. ಇಬ್ಬರೂ ಗೊಣಗುತ್ತ ಒಪ್ಪಿದರು. ಒಳ್ಳೆಯ ವ್ಯಾಪಾರದ ಲಕ್ಷಣವೇ ಅದು, ಇಬ್ಬರೂ ಗೊಣಗಬೇಕು. ಅವನ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಇದ್ದದ್ದು ತಂತಿ ಫೋನು. ಬೆಳಿಗ್ಗೆ ಗಂಟೆ ಹೊಡೆಯುತ್ತಿತ್ತು, “ಎದ್ದಿದ್ದೀನಿ” ಎನ್ನುತ್ತಿದ್ದ, ಇಡುತ್ತಿದ್ದ. ಅವಳು ಆಮೇಲೆಯೇ ದೋಸೆ ಹುಯ್ಯುತ್ತಿದ್ದಳು.

ಆವತ್ತು ಬಂದ್. ಯಾತಕ್ಕೆ ಎಂಬುದು ಬಂದ್ ಮಾಡಿದವರಿಗೂ ಈಗ ನೆನಪಿರಲಿಕ್ಕಿಲ್ಲ. ಬಸ್ಸಿಲ್ಲ, ದಾರಿಯುದ್ದಕ್ಕೂ ದಿಮ್ಮಿ ಉರುಳಿಸಿದ್ದರು. ಆವತ್ತೇ ಭಾವನ ಫೋನು ಬರಲಿಲ್ಲ. ಇವಳು ಮಾಡಿದರೆ ಎಂಗೇಜ್. ಸ್ವಲ್ಪ ಬಿಟ್ಟು ಮಾಡಿದರೆ ಎಂಗೇಜ್. ಮಧ್ಯಾಹ್ನವೂ ಎಂಗೇಜ್. ಒಂದು ವಾಕ್ಯಕ್ಕಿಂತ ಹೆಚ್ಚು ಫೋನಿನಲ್ಲಿ ಮಾತಾಡದ ಮನುಷ್ಯ ಇಡೀ ದಿನ ಯಾರ ಜೊತೆ ಮಾತಾಡುತ್ತಾನೆ? ಪಕ್ಕದ ಮನೆಯ ಡ್ರೈವರನ ಫೋನು ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಅವನು ಬಾಡಿಗೆಗೆ ಹೋಗಿ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು.

“ರಿಸೀವರ್ ಕೈಯಲ್ಲಿ ಹಿಡಿದುಕೊಂಡೇ ಬಿದ್ದಿದ್ದಾನೆ ರೀ,” ಅಂದಳು. ಅಳಲಿಲ್ಲ. ಅಳದೆ ಹೇಳಿದ್ದಕ್ಕೇ ನನಗೆ ಭಯವಾಯಿತು.

“ಸ್ಕೂಟರಲ್ಲಿ ಹೋಗಿಬರ್ತೀನಿ.”

“ದಾರೀಲಿ ಕಲ್ಲು ಹೊಡೀತಿದ್ದಾರಂತೆ. ಸಂಜೆಗೆ ಬಿಡ್ತಾರೆ, ಆಮೇಲೆ ಇಬ್ಬರೂ ಹೋಗಣ.” ಹಾಗೆಂದವಳು ಥಟ್ಟನೆ ಎದ್ದು ಹಿತ್ತಲಿಗೆ ಓಡಿದಳು. ಬರುವಾಗ ಕೈಯಲ್ಲಿ ತುಳಸಿಕಟ್ಟೆಯ ಚೊಂಬು.

ಫೋನು ಎಂಗೇಜ್ ಇದ್ದರೂ ಅದೇ ತಂತಿಯ ಮೇಲಿನ ಬ್ರಾಡ್‌ಬ್ಯಾಂಡ್ ಓಡುತ್ತಲೇ ಇರುತ್ತದೆ ಎಂದು ಭಾವ ಎಂದೋ ಕೊರೆದಿದ್ದ. ನಾನು ಕೇಳಿಸಿಕೊಂಡಿರಲಿಲ್ಲ, ಅವಳು ಕೇಳಿಸಿಕೊಂಡಿದ್ದಳು. ಅರ್ಧ ಬಾಗಿಲು ಎತ್ತಿ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತೆವು. ಅವಳು ಚೊಂಬಿನ ಮೇಲಿನ ಹಸಿರು ಕಿಲುಬನ್ನು ಸೆರಗಿನಿಂದ ಉಜ್ಜಿ ಉಜ್ಜಿ ಓದಿದಳು, ನಾನು ಒಂದೇ ಬೆರಳಲ್ಲಿ ಒತ್ತಿದೆ.

“ಎರಡು, ಸೊನ್ನೆ, ಸೊನ್ನೆ, ಒಂದು, ಚುಕ್ಕಿ ಚುಕ್ಕಿ…”

“ನಿಧಾನ ಮಾರಾಯ್ತಿ!”

“ನೀವೇ ಕೆತ್ತಿದ್ದು, ನಿಮಗೇ ಗೊತ್ತಿಲ್ವಾ? ಇದು ಮೂರಾ, ಎಂಟಾ?”

ಯಾರು ಓದುತ್ತಾರೆ ಬಿಡು ಅಂತ ಅವಸರದಲ್ಲಿ ಕೆತ್ತಬೇಡಿ ಎಂದು ಎಲ್ಲ ಪಾತ್ರೆಯವರಿಗೂ ನನ್ನ ಕಳಕಳಿಯ ಪ್ರಾರ್ಥನೆ. ಮೂರು ಎಂದು ಒತ್ತಿದೆ, ಎಲ್ಲಿಗೂ ಹೋಗಲಿಲ್ಲ. ಎಂಟು ಎಂದು ಒತ್ತಿದೆ. ಪರದೆ ಬಹಳ ಹೊತ್ತು ಬೆಳ್ಳಗಿತ್ತು. ಹಂಡೆ ನಿದ್ದೆಯಲ್ಲಿತ್ತು ಎಂದು ಕಾಣುತ್ತದೆ. ಆಮೇಲೆ ಒಂದು ಅಂಕಿ ಬಂತು. ಇಪ್ಪತ್ತೆರಡು.

ಅಂದರೆ ತಣ್ಣೀರು. ಬೆಳಿಗ್ಗೆಯಿಂದ ಒಲೆ ಹೊತ್ತಿಲ್ಲವೋ, ಹೊತ್ತಿ ಆರಿದೆಯೋ, ಅದು ಹೇಳುವುದಿಲ್ಲ. ಈಗ ತಣ್ಣಗಿದೆ, ಅಷ್ಟೇ. ಅವಳು ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಳು. “ಸಂಜೆ ಸ್ನಾನ ಅವನದ್ದು. ಸಂಜೆ ಆಗಲಿ,” ಎಂದಳು. ನಾನು ಆಗಾಗ ಬಟನ್ ಒತ್ತಿದೆ. ಇಪ್ಪತ್ತೆರಡು. ಮತ್ತೂ ಇಪ್ಪತ್ತೆರಡು.

ಬಂದ್‌ನಿಂದ ಕೆಲಸವಿಲ್ಲದ ಪಕ್ಕದ ಮೆಡಿಕಲ್ಸಿನವನು, ಎದುರಿನ ಕ್ಷೌರದಂಗಡಿಯವನು, ಒಬ್ಬೊಬ್ಬರೇ ಬಾಗಿಲಡಿಯಿಂದ ನುಸುಳಿ ಬಂದರು. ವಿಷಯ ತಿಳಿದು ಅವರೂ ಪರದೆಯತ್ತ ಬಗ್ಗಿದರು. ಬಿಸಿಲು ಇಳಿಯಿತು.

ಇಪ್ಪತ್ತಾರು.

“ಏರ್ತು ರೀ!”

“ಹವಾ ಬಿಸಿ ಇರಬಹುದು,” ಅಂದೆ. ಆಸೆ ಪಟ್ಟುಬಿಟ್ಟರೆ ಕಷ್ಟ ನೋಡಿ. ಮತ್ತೆ ಒತ್ತಿದೆ. ಮೂವತ್ತೈದು. ಮತ್ತೆ. ನಲವತ್ತೊಂದು. ಕ್ಷೌರದಂಗಡಿಯವನು, “ನಲವತ್ತೊಂದು ನಾಟೌಟ್!” ಎಂದು ಕೂಗಿದ. ಬಾಗಿಲಾಚೆಯಿಂದ ಯಾರೋ, “ಯಾರು ಬ್ಯಾಟಿಂಗು?” ಎಂದು ಕೇಳಿದರು. “ಹಂಡೆ!” ಎಂದ ಮೆಡಿಕಲ್ಸಿನವನು. ಐವತ್ತಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅರವತ್ತರ ಹತ್ತಿರ ಬಂದಾಗ ನನ್ನ ಪಾಪಿ ಬಾಯಿ ಸುಮ್ಮನಿರಲಿಲ್ಲ.

“ಆ ಡ್ರೈವರ್ ವಾಪಸು ಬಂದು ಸ್ನಾನ ಮಾಡ್ತಿದ್ರೆ?”

ನನ್ನ ಹೆಂಡತಿ ನನ್ನತ್ತ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ, ಕಾಗದ ಸುಟ್ಟುಹೋಗುತ್ತದೆ. “ಒತ್ತಿ,” ಎಂದಳು. ಒತ್ತಿದೆ. ಎಪ್ಪತ್ತು. ಒತ್ತಿದೆ. ಎಪ್ಪತ್ತೇಳು. ಎಂಬತ್ತು ದಾಟಿತು.

ಅವಳು ಎದ್ದು ನಿಂತು, ಅಳುತ್ತ, ನಗುತ್ತ, “ಇವನೇ! ನಮ್ಮಣ್ಣನೇ! ಕೋಳಿ ಪುಕ್ಕ ಕೀಳೋ ಹಂಗೆ ನೀರು ಕುದಿಸೋನು ಭೂಮಿ ಮೇಲೆ ಅವನೊಬ್ಬನೇ!” ಎಂದಳು.

ಅಬ್ಬ! ನಾನು ಎಲ್ಲರಿಗೂ ಟೀ ತರಿಸಿದೆ. ಜೊತೆಗೆ ಬನ್ನೂ ತರಿಸಿದೆ. ಕೊಪ್ಪದ ಮುಖ್ಯರಸ್ತೆಯಲ್ಲಿ ಅದನ್ನು ಇನ್ನೂ ಹೇಳಿಕೊಳ್ಳುತ್ತಾರೆ, ಹಂಡೆಯ ವಿಷಯವನ್ನಲ್ಲ, ಬನ್ನಿನ ವಿಷಯವನ್ನು.

ಮರುದಿನ ಬೆಳಿಗ್ಗೆ ಭಾವನ ಫೋನು. “ನಿನ್ನೆ ಎಂತ ಪುಟ್ಟಿ, ನನ್ನ ಹಂಡೆ ಕೇಳಿಕೊಂಡು ಅಷ್ಟು ಸಲ ಬಂದಿದ್ದೀಯಲ್ಲ! ಜಗಲಿ ಪೆಟ್ಟಿಗೆ ಎಲ್ಲ ಗುರುತು ಹಾಕಿಟ್ಟಿದೆ.” ತಂಗಿಯ ದನಿ ಫೋನಿನಲ್ಲಿ ಸಣ್ಣಗೆ ಕೇಳುತ್ತದೆ ಎಂದು ಫೋನಿನ ಹೊಟ್ಟೆ ಬಿಚ್ಚಿಕೊಂಡು ಇಡೀ ದಿನ ರಿಪೇರಿಗೆ ಕೂತಿದ್ದನಂತೆ! ಅವಳು ಬೈದಳು ನೋಡಿ, ರಿಪೇರಿ ಮಾಡದಿದ್ದರೂ ಕೇಳುವಷ್ಟು ದೊಡ್ಡದಾಗಿ ಬೈದಳು. ಬೈದು ಮುಗಿಸಿ ಹೊಸ ಕರಾರು ಮಾಡಿದಳು. “ಫೋನಿನ ಸಹವಾಸ ಬೇಡ. ಸ್ನಾನ ಬೆಳಿಗ್ಗೆಗೆ ಬದಲಾಯಿಸು. ನಾನು ಎದ್ದ ಕೂಡಲೇ ಹಂಡೆ ನೋಡ್ತೀನಿ.”

ಅಂದಿನಿಂದ ಅವಳ ದಿನ ಶುರುವಾಗುವುದೇ ಹಾಗೆ. ನಾನು ಬಾಗಿಲು ತೆಗೆಯುವ ಮೊದಲೇ ಅಂಗಡಿಗೆ ಬರುತ್ತಾಳೆ, ಒತ್ತುತ್ತಾಳೆ, “ಅಣ್ಣ ಎದ್ದ” ಎನ್ನುತ್ತಾಳೆ, ದೋಸೆ ಹುಯ್ಯಲು ಹೋಗುತ್ತಾಳೆ. ಮುಖದಲ್ಲಿ ಗೆಲುವು. ತಿಂಗಳುಗಟ್ಟಲೆ ಒಂದು ದಿನವೂ ಹಂಡೆ ತಪ್ಪಿಸಲಿಲ್ಲ. ನನಗೂ ನಿರಾಳ, ಒಂದು ದೋಸೆ ಹೆಚ್ಚು ಬೀಳುತ್ತಿತ್ತು.

ಮೊನ್ನೆ ಶೃಂಗೇರಿಯ ಗಿರಾಕಿಯೊಬ್ಬರಿಗೆ ಕೊಪ್ಪರಿಗೆ ಮುಟ್ಟಿಸಬೇಕಿತ್ತು. ಮೊದಲ ಬಸ್ಸಿಗೇ ಹೊರಟವನು, ಹೇಗೂ ಈ ಕಡೆ ಬಂದಿದ್ದೇನಲ್ಲ ಎಂದು ಹೇಳದೆ ಕೇಳದೆ ಭಾವನ ಮನೆಗೆ ನುಗ್ಗಿದೆ. ಜಗಲಿಯಲ್ಲಿ ಯಾರೂ ಇಲ್ಲ. ಬಚ್ಚಲಿನಿಂದ ಕೆಮ್ಮು.

ಭಾವ ಕಂಬಳಿ ಹೊದ್ದು, ಕಿವಿಗೆ ಮಫ್ಲರ್ ಸುತ್ತಿಕೊಂಡು, ಒಲೆಯ ಮುಂದೆ ಮಣೆ ಹಾಕಿ ಕೂತಿದ್ದ. ಕಣ್ಣು ಕೆಂಪಗೆ. ಹಣೆ ಮುಟ್ಟಿದೆ, ಸುಡುತ್ತಿತ್ತು.

“ಜ್ವರದಲ್ಲಿ ಸ್ನಾನ ಮಾಡ್ತೀಯಾ? ಬುದ್ಧಿ ಇದೆಯಾ ನಿಂಗೆ?”

“ಸ್ನಾನ ಯಾರು ಮಾಡ್ತಾರೆ ಮಾರಾಯ? ಬರೀ ಶೀತಜ್ವರ, ಇಳೀತಾ ಇದೆ. ನೀರು ಮುಟ್ಟಬೇಡಿ ಅಂದಿದ್ದಾರೆ ಡಾಕ್ಟರು. ಮುಟ್ಟಿಲ್ಲ.”

ಹಂಡೆಯ ಬಾಯಿಂದ ಹಬೆ ಏಳುತ್ತಿತ್ತು. “ಮತ್ತೆ ಇದೆಂತಕ್ಕೆ?”

ಭಾವ ನನ್ನ ಮುಖ ನೋಡಲಿಲ್ಲ. ಒಂದು ಸೌದೆ ಎತ್ತಿಕೊಂಡ.

“ಪುಟ್ಟಿ ಏಳೋ ಹೊತ್ತಾಯ್ತು,” ಅಂದ.

ಅವನ ಕೈಯಿಂದ ಸೌದೆ ತೆಗೆದುಕೊಂಡು, ಅವನನ್ನು ಮೆಲ್ಲನೆ ಆಚೆ ಸರಿಸಿ, ಒಲೆಯ ಮುಂದೆ ನಾನೇ ಕೂತೆ.